ಮುಬಂಡಿಯಲ್ಲಿ ಉಳಿದ ಡೀಸೆಲ್

ಆಗಸ್ಟ್ ೧೯, ಸಂಜೆ ೫

ಇನ್ನೂ ಹದಿನಾಲ್ಕು ಸಾಲು ಬಾಕಿ. ಬಜೆಟ್ಟಿನಲ್ಲಿ ಕೇಳಿದ್ದಕ್ಕೂ ಖರ್ಚಾದದ್ದಕ್ಕೂ ನೂರಕ್ಕೆ ಐದಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಕಾರಣ ಬರೆಯಬೇಕು. ವಿಶ್ವಸಂಸ್ಥೆಯ ಈ ಶಾಂತಿಪಾಲನಾ ಮಿಷನ್ನಿನಲ್ಲಿ ನನ್ನ ಕೆಲಸ ಅಷ್ಟೇ. ಒಂಬತ್ತು ವರ್ಷದಿಂದ ಕಾರಣ ಬರೆಯುತ್ತಿದ್ದೇನೆ.

ಮುಬಂಡಿ ನೆಲೆ, ಡೀಸೆಲ್ — ನೂರಕ್ಕೆ ನಲವತ್ತೊಂದು ಉಳಿಕೆ. ಯಾಕೋ ಗೊತ್ತಿಲ್ಲ. ಇಂಧನ ವಿಭಾಗದ ಕತೆಂಬೊಗೆ ನಾಲ್ಕು ಸಲ ಫೋನ್ ಮಾಡಿದೆ. ಟ್ಯಾಂಕರ್ ಜೊತೆ ಎಲ್ಲಿ ಹೋಗಿದ್ದಾನೋ, ಎತ್ತಲಿಲ್ಲ. ಬೆನಿತೆಜ್ ಸರ್ ಬಾಗಿಲಲ್ಲಿ ನಿಂತು ಕೈಗಡಿಯಾರ ತೋರಿಸಿದರು. ನಮ್ಮ ಮುಖ್ಯಸ್ಥರು, ಉರುಗ್ವೆಯವರು. ಗದರಿಸುವುದಿಲ್ಲ, ಗಡಿಯಾರ ತೋರಿಸುತ್ತಾರೆ.

ಹೋದ ವರ್ಷ ಬೇರೊಂದು ನೆಲೆಗೆ ಬರೆದ ಸಾಲು ಇತ್ತು. ‘ಭದ್ರತಾ ಪರಿಸ್ಥಿತಿ ಸುಧಾರಿಸಿ ಗಸ್ತು ಕಡಿಮೆಯಾದ್ದರಿಂದ ಇಂಧನದ ಅಗತ್ಯ ತಗ್ಗಿದೆ.’ ಎತ್ತಿ ಅಂಟಿಸಿದೆ. ಎಲ್ಲರೂ ಮಾಡುವುದೇ. ಒಳ್ಳೆಯ ಸುದ್ದಿಗೆ ನ್ಯೂಯಾರ್ಕಿನ ಬಜೆಟ್ ಸಮಿತಿ ಪ್ರಶ್ನೆ ಹಾಕುವುದಿಲ್ಲ.

ಹೊಟ್ಟೆ ಹಸಿದಿದೆ. ಮನೆಗೆ ಹೋಗಿ ಮೀನು ಹುರಿಯಬೇಕು.

ಆಗಸ್ಟ್ ೨೧

ಕತೆಂಬೊ ಸಿಕ್ಕಿದ. ಸಾಲು ಓದಿ ಹೇಳಿದೆ.

"ಪರಿಸ್ಥಿತಿ ಸುಧಾರಿಸ್ತು ಅಂತ ನಿಂಗ್ಯಾರಮ್ಮ ಹೇಳಿದ್ದು? ಮಾರ್ಚಲ್ಲೇ ಅಲ್ಲಿಗೆ ಹೋಗೋ ದಾರೀಲಿ ಸೇತುವೆ ಬಿತ್ತು. ಟ್ಯಾಂಕರ್ ತಗೊಂಡೋಗಿ ಮೂರು ಸಲ ವಾಪಸ್ ಬಂದಿದೀನಿ. ಅಲ್ಲಿ ಡೀಸೆಲ್ಲೇ ಇಲ್ಲ. ಗಸ್ತಿನ ಗಾಡಿ ಬೇಲಿ ಸುತ್ತ ಒಂದ್ ರೌಂಡ್ ಹೊಡೆದು ನಿಂತ್ಕೊಳ್ಳುತ್ತೆ."

ಅಕ್ಕ ಮಸಿಕಾ ಇರುವುದೇ ಮುಬಂಡಿಯಲ್ಲಿ, ಆ ಬೇಲಿಯ ಹತ್ತಿರವೇ. ಅವಳನ್ನೇ ಕೇಳಿದ್ದರೆ ಒಂದು ನಿಮಿಷದಲ್ಲಿ ಹೇಳುತ್ತಿದ್ದಳು. ಹೊಳೆಯಲೇ ಇಲ್ಲ. ನಾವು ಕಾರಣಗಳನ್ನು ಹಳೆಯ ಫೈಲಿನಲ್ಲಿ ಹುಡುಕುವ ಜನ.

ಸರ್ ಹತ್ತಿರ ಓಡಿದೆ.

"ವರದಿ ನಿನ್ನೆನೇ ಹೋಯ್ತಲ್ಲ ಕಬುಗೊ. ಸಮಿತಿ ಪ್ರಶ್ನೆ ಕಳಿಸುತ್ತೆ, ಆಗ ತಿದ್ದಿದ್ರಾಯ್ತು. ತಲೆ ಕೆಡಿಸ್ಕೋಬೇಡ."

ಸರಿ. ಪ್ರಶ್ನೆ ಬರಲಿ.

ಸೆಪ್ಟೆಂಬರ್ ೭, ಭಾನುವಾರ

ಚರ್ಚಿನಿಂದ ಬಂದ ಮೇಲೆ ಅಕ್ಕನ ಫೋನ್. ಅವಳು ಗುಡ್ಡ ಹತ್ತಿದರೆ ಮಾತ್ರ ಸಿಗ್ನಲ್.

"ಏನೇ ಆಫೀಸರಮ್ಮ, ಬದುಕಿದೀಯಾ?"

"ಗಸ್ತು ಬರ್ತಿಲ್ವಂತೆ. ಯಾಕಕ್ಕ ಹೇಳ್ಲಿಲ್ಲ?"

"ಮಿಷನ್ನಲ್ಲಿ ಕೂತಿರೋಳು ನೀನು. ನಿಂಗೆ ನಾನು ಹೇಳ್ಬೇಕಾ?"

ನಕ್ಕಳು. ಆಮೇಲೆ ದನಿ ತಗ್ಗಿಸಿದಳು. ಹೊಳೆಯಾಚೆ ಮೂರು ದಿನದಿಂದ ಹೊಗೆ ಕಾಣುತ್ತಿದೆಯಂತೆ. ಅಲ್ಲಿಯವರು ಈಚೆ ಬಂದು ಬೇಲಿ ಪಕ್ಕ ಚಾಪೆ ಹಾಸಿಕೊಂಡಿದ್ದಾರಂತೆ. "ಗಾಡಿ ಓಡದಿದ್ರೂ ಸೈನಿಕರಿದಾರಲ್ಲ. ಇವ್ರು ಇರೋವರೆಗೂ ಆ ಬಂದೂಕಿನೋರು ಹೊಳೆ ದಾಟಲ್ಲ ಬಿಡು."

ಇಲ್ಲಿಗೆ ಬಾ ಎಂದೆ. "ಅತ್ತೆನ ಏನ್ಮಾಡ್ಲಿ? ಅವ್ರಿಗೆ ನಡಿಯೋಕಾಗಲ್ಲ."

ಸೆಪ್ಟೆಂಬರ್ ೨೬

ಸಮಿತಿಯ ಪ್ರಶ್ನೆಗಳು ಬಂದವು. ಮೂವತ್ತೊಂದು. ಜನರೇಟರ್ ಯಾಕೆ, ಟೋನರ್ ಯಾಕೆ, ಎರಡು ವಿಮಾನದ ಟಿಕೆಟ್ ಯಾಕೆ... ಎರಡೆರಡು ಸಲ ಓದಿದೆ. ಮುಬಂಡಿಯ ಬಗ್ಗೆ ಒಂದೂ ಇಲ್ಲ.

"ಕೇಳದೇ ಇರೋದಕ್ಕೆ ಯಾರಾದ್ರೂ ಉತ್ತರ ಕೊಡ್ತಾರಾ?" ಅಂದರು ಸರ್. "ಒಂದು ಸಾಲು ಸುಳ್ಳು ಅಂದ್ರೆ ಎಲ್ಲ ಸಾಲನ್ನೂ ಕೆದಕ್ತಾರೆ."

ಕಾಫಿ ತರಿಸಿದರು. ಕುಡಿಯಲಿಲ್ಲ. ಅವರ ಮೇಲೂ ಸಿಟ್ಟು ಬಂತು, ನನ್ನ ಮೇಲೆ ಅದಕ್ಕಿಂತ ಹೆಚ್ಚು.

ಅಕ್ಟೋಬರ್ ೧೪

ಯೋಜನಾ ಸಭೆ. ಮುಚ್ಚಬೇಕಾದ ನೆಲೆಗಳ ಪಟ್ಟಿ ಪರದೆಯ ಮೇಲೆ. ಮೂರನೆಯದು ಮುಬಂಡಿ. ಎದುರಿಗೆ ಕಾರಣದ ಕಾಲಂ. ಅದರಲ್ಲಿ ನನ್ನ ಸಾಲು, ಒಂದಕ್ಷರವೂ ಬದಲಾಗದೆ.

ಎದ್ದು ನಿಂತೆ. "ಆ ಸಾಲು ತಪ್ಪು. ಬರೆದೋಳು ನಾನೇ."

ಸಭೆ ನಡೆಸುತ್ತಿದ್ದ ಕರ್ನಲ್ ಸಾಹೇಬರು ಮೆತ್ತಗೆ ಕೇಳಿದರು, "ಹಾಗಾದ್ರೆ ತಿದ್ದುಪಡಿ ಎಲ್ಲಿ ಮೇಡಂ?"

ತಿದ್ದುಪಡಿ ಇರಲಿಲ್ಲ.

ಮಧ್ಯಾಹ್ನ ಕತೆಂಬೊ ವಾಪಸಾದ ಮೂರು ಟ್ಯಾಂಕರಿನ ಚೀಟಿ ತಂದುಕೊಟ್ಟ. ಸಮಿತಿಗೆ ತಿದ್ದುಪಡಿಯ ಪತ್ರ ಬರೆದೆ. ಬೆನಿತೆಜ್ ಸರ್ ಪೆನ್ನು ಹಿಡಿದು ಬಹಳ ಹೊತ್ತು ಕೂತರು. "ನನ್ನ ಕೆಲಸ ಹೋದ್ರೆ ನಿಮ್ಮನೇಲಿ ಊಟ ಹಾಕ್ತೀಯಾ?" ಸಹಿ ಹಾಕಿದರು.

ಅಕ್ಟೋಬರ್ ೩೦

ಪತ್ರಕ್ಕೆ ಉತ್ತರ ಬಂತು. ಮುಂದಿನ ವರ್ಷದ ಬಜೆಟ್ ವೇಳೆ ಪರಿಶೀಲಿಸುತ್ತಾರಂತೆ. ನೆಲೆ ತೆರವು ನವೆಂಬರ್ ಐದಕ್ಕೆ. ಬದಲಾವಣೆ ಇಲ್ಲ.

ಮಧ್ಯಾಹ್ನ ಅಕ್ಕ.

"ಟೆಂಟ್ ಬಿಚ್ತಿದಾರೆ ಕಣೇ. ಯಾಕಂತೆ?"

ಎಲ್ಲ ಹೇಳಿಬಿಟ್ಟೆ.

"ಇಲ್ಲಿ ಸುಧಾರಿಸಿದೆ ಅಂತ ಬರೆದ್ಯಾ?"

"ಹೂಂ."

"ನಮ್ಮೂರಲ್ಲಾ?"

"ಹೂಂ ಅಕ್ಕ."

"ಬ್ಯಾಟರಿ ಮುಗೀತಿದೆ," ಎಂದು ಇಟ್ಟಳು. ಬೈದಿದ್ದರೆ ಚೆನ್ನಾಗಿತ್ತು.

ನವೆಂಬರ್ ೫

ಮುಬಂಡಿಯಿಂದ ಕೊನೆಯ ಹೆಲಿಕಾಪ್ಟರ್ ಹನ್ನೊಂದೂವರೆಗೆ ಇಲ್ಲಿ ಇಳಿಯಿತು. ಆಫೀಸಿನ ಕಿಟಕಿಯಿಂದ ನೋಡಿದೆ. ಸೈನಿಕರು, ಪೆಟ್ಟಿಗೆಗಳು, ಒಂದು ಫ್ರಿಜ್.

ಅಕ್ಕನ ಫೋನ್ ಆಫ್.

ನವೆಂಬರ್ ೮

ಬಸ್ ನಿಲ್ದಾಣದಲ್ಲಿ ಮುಬಂಡಿಯ ಹೆಂಗಸರು ಬಂದಿಳಿದಿದ್ದಾರೆ. ಬಂದೂಕಿನವರು ಹೊಳೆ ದಾಟಿದರಂತೆ. ಕೆಲವರಿಗೆ ಚಪ್ಪಲಿಯಿಲ್ಲ. ಒಬ್ಬೊಬ್ಬರನ್ನೇ ಕೇಳುತ್ತಾ ಹೋದೆ. ಒಬ್ಬಾಕೆ ನೋಡಿದ್ದಳಂತೆ. "ಅತ್ತೆನ ಬೆನ್ನಿಗೆ ಕಟ್ಕೊಂಡು ನಮ್ಮ ಹಿಂದೇನೇ ಬರ್ತಿದ್ಲು. ಬಿದ್ದ ಸೇತುವೆ ಹತ್ರ ನಿಧಾನ ಆದ್ಲು. ನಾವು ನಿಲ್ಲಲಿಲ್ಲ. ತಪ್ಪು ತಿಳೀಬೇಡ ತಾಯಿ."

ಏನು ತಪ್ಪು ತಿಳಿಯಲಿ ಇವಳನ್ನು.

ಕತೆಂಬೊ ಈಗಲೇ ಮೋಟಾರ್ ಸೈಕಲ್ಲಿನಲ್ಲಿ ಆ ದಾರಿಗೆ ಹೋಗಿದ್ದಾನೆ. ದಾರಿ ತೆರೆದಿದ್ದರೆ ಬೆಳಿಗ್ಗೆ ಪಿಕಪ್ ತರುತ್ತಾನೆ, ಇಬ್ಬರೂ ಹೋಗುವುದು. ಸರ್ ರಜೆ ಕೊಟ್ಟರು. ಅವರದೇ ಕಂಬಳಿ ಕೂಡ.

ನವೆಂಬರ್ ೯, ಬೆಳಿಗ್ಗೆ ೬:೧೦

ಚೀಲ ಸಿದ್ಧ. ಬ್ರೆಡ್ಡು, ನೀರು, ಜ್ವರದ ಮಾತ್ರೆ, ಕಂಬಳಿ. ಅಕ್ಕನಿಗೆ ಏನು ಹೇಳಬೇಕೆಂದು ಯೋಚಿಸುತ್ತಲೇ ಇದ್ದೇನೆ. ಮೊದಲು ಕಾಲು ಹಿಡಿಯುತ್ತೇನೆ. ಮಾತು ಆಮೇಲೆ.

ಕತೆಂಬೊ ಬಂದ. ಪಿಕಪ್ ತಂದಿಲ್ಲ. ಯಾವಾಗಲೂ ಗೇಟಿನಲ್ಲೇ ಹಾರ್ನ್ ಹೊಡೆದು ಊರೆಲ್ಲ ಎಬ್ಬಿಸುವವನು — ಇವತ್ತು ಇಳಿದು, ಗೇಟು ತಾನೇ ತೆಗೆದು ಒಳಗೆ ಬರುತ್ತಿದ್ದಾನೆ. ಟೋಪಿ ತೆಗೆದು ಎರಡೂ ಕೈಯಲ್ಲಿ ಹಿಡಿದಿದ್ದಾನೆ. ನನ್ನ ಕಡೆ ನೋಡುತ್ತಲೇ ಇಲ್ಲ.