ಇಸವಿ ಇಲ್ಲದ ರೇಸು

ಭಾನುವಾರ ಸಂಜೆ ನಾವು ಏನು ನೋಡಬೇಕೆಂದು ನಿರ್ಧರಿಸುವ ಕ್ರೀಡಾ ವಾಹಿನಿಯ ಕಾರ್ಯಕ್ರಮ ಮುಖ್ಯಸ್ಥರಿಗೆ,

ಮಾನ್ಯರೇ, ನೀವು ಪ್ರತಿ ಭಾನುವಾರ ತೋರಿಸುವ ಡ್ರ್ಯಾಗ್ ರೇಸುಗಳು ಯಾವ ವರ್ಷ ನಡೆದವು ಎಂದು ಪರದೆಯ ಮೇಲೆ ಎಲ್ಲಿಯೂ ಹೇಳುವುದಿಲ್ಲ. ನನ್ನ ದೂರು ಇಷ್ಟೇ. ಇದನ್ನು ನಿಮ್ಮ ಗ್ರಾಹಕ ಸೇವೆಗೆ ಎರಡು ಸಲ ಬರೆದೆ. ನನ್ನ ಅಭಿಪ್ರಾಯ ನಿಮಗೆ ಅಮೂಲ್ಯವೆಂಬ ಉತ್ತರ ಎರಡು ಸಲವೂ ನಾನು ಗುಂಡಿ ಒತ್ತಿ ಬೆರಳು ತೆಗೆಯುವ ಮೊದಲೇ ಬಂತು. ಅಷ್ಟು ಬೇಗ ಓದಿ, ಅಷ್ಟು ದೊಡ್ಡ ಬೆಲೆ ಕಟ್ಟಿದವರಿಗೆ ನಮಸ್ಕಾರ. ಈಗ ಪತ್ರಿಕೆಗೆ ಬರೆಯುತ್ತಿದ್ದೇನೆ. ಇಲ್ಲಿ ಓದುವವರಾದರೂ ಮನುಷ್ಯರು.

ಈ ಆಟವನ್ನು ನೋಡದವರಿಗಾಗಿ ಒಂದೆರಡು ಮಾತು. ನೆಟ್ಟಗಿನ ರಸ್ತೆ, ಎರಡು ಕಾರು. ತಿರುವಿಲ್ಲ, ಸುತ್ತಿಲ್ಲ. ಹಸಿರು ದೀಪ ಹತ್ತಿದ ಕೂಡಲೇ ಹೊರಡಬೇಕು, ಮೊದಲು ಕೊನೆ ಮುಟ್ಟಿದವರು ಗೆದ್ದರು. ಎಲ್ಲಕ್ಕಿಂತ ದೊಡ್ಡ ದರ್ಜೆಯ ಕಾರುಗಳಿಗೆ ಇದಕ್ಕೆ ನಾಲ್ಕು ಸೆಕೆಂಡೂ ಬೇಡ. ಆ ವೇಗವನ್ನು ಬ್ರೇಕು ಒಂದೇ ತಡೆಯಲಾರದು. ಕಾರಿನ ಬೆನ್ನಿನಿಂದ ಪ್ಯಾರಾಚೂಟ್ ಬಿಚ್ಚಿಕೊಳ್ಳಬೇಕು. ಕೊಯ್ಲು ಮುಗಿದ ಗದ್ದೆಯಲ್ಲಿ ಜೀಪು ಓಡಿಸಿ ಮಣ್ಣು ಹಾರಿಸುವ ಜಿಲ್ಲೆ ನಮ್ಮದು, ಮೋಟಾರು ರೇಸು ಇಲ್ಲಿ ಯಾರಿಗೂ ಹೊಸದಲ್ಲ. ಆದರೂ ನನ್ನ ಪತಿ ನಂದೀಶ್ ಇದನ್ನು ರೇಸೆಂದು ಒಪ್ಪಿಲ್ಲ. “ನೀರು ಕುಡ್ದು ಲೋಟ ಕೆಳಗಿಡೋಷ್ಟ್ರಲ್ಲಿ ಮುಗ್ದೋಯ್ತದೆ. ಇದ್ರಲ್ಲಿ ಏನ್ ನೋಡ್ತೀರೇ ಅತ್ತೆ-ಸೊಸೆ?” ಎನ್ನುತ್ತಾರೆ.

ನೋಡುವುದು ಇರುವುದೇ ಆ ನಾಲ್ಕು ಸೆಕೆಂಡಿನ ಮುಂಚೆ. ಚಕ್ರಗಳನ್ನು ನೀರಿನ ಮೇಲೆ ಗಿರಗಿರ ತಿರುಗಿಸಿ ಹೊಗೆ ಎಬ್ಬಿಸುತ್ತಾರೆ, ಟೈರು ಬಿಸಿಯಾಗಿ ರಸ್ತೆಗೆ ಅಂಟಲಿ ಎಂದು. ಮತ್ತೆ ಹಿಂದಕ್ಕೆ ಬರುತ್ತಾರೆ. ಆಮೇಲೆ ಗೆರೆಯ ಹತ್ತಿರ ಇಂಚಿಂಚೇ ಸರಿಯುತ್ತಾರೆ. ನೀನು ಮೊದಲು ಗೆರೆಗೆ ಬಾ, ಇಲ್ಲ ನೀನು ಬಾ ಎಂದು ಇಬ್ಬರೂ ಕಾಯುವ ಆ ಹೊತ್ತಿನಲ್ಲಿ ಒಬ್ಬರ ಸ್ವಭಾವ ಪೂರ್ತಿ ಕಾಣುತ್ತದೆ. ಒಳ್ಳೆಯ ಎಂಜಿನ್ ಇದ್ದವನೂ ಕಣ್ಣು ಮಿಟುಕಿಸುವಷ್ಟು ತಡ ಮಾಡಿದ್ದಕ್ಕೆ ಸೋಲುವುದುಂಟು. ನೀವು ಮಾಡುವುದೇನು? ಈ ಕಾಯುವಿಕೆಯನ್ನೆಲ್ಲ ಕತ್ತರಿಸಿ ಅಲ್ಲಿ ಜಾಹೀರಾತು ತುಂಬುತ್ತೀರಿ. ಹಸಿರು ದೀಪದಿಂದ ಶುರು ಮಾಡುತ್ತೀರಿ. ಆಮೇಲೆ ಅದೇ ನಾಲ್ಕು ಸೆಕೆಂಡನ್ನು ಡೋಲು ಬಡಿಸಿಕೊಂಡು ನಿಧಾನಗತಿಯಲ್ಲಿ ಮೂರು ಸಲ ತೋರಿಸುತ್ತೀರಿ. ಜಗತ್ತಿನಲ್ಲೇ ಅತಿ ವೇಗದ ಆಟವನ್ನು ನಿಧಾನವಾಗಿ ತೋರಿಸುವ ಯೋಚನೆ ಯಾರದು? ಅವರಿಗೆ ಬಡ್ತಿ ಸಿಕ್ಕಿರಬೇಕು. ಇದನ್ನೆಲ್ಲ ನಾನು ಸಹಿಸಿಕೊಂಡಿದ್ದೆ. ಅನುವಾದಿತ ಕಾದಂಬರಿಗಳನ್ನು ಓದುವವಳು ನಾನು. ಮೂಲದಲ್ಲಿ ಇದ್ದದ್ದೆಲ್ಲ ನಮ್ಮ ಕೈಗೆ ಬರುವುದಿಲ್ಲ ಎಂಬುದು ಗೊತ್ತು. ಆದರೆ ಎಷ್ಟೇ ಅಗ್ಗದ ಅನುವಾದವಾದರೂ ಶೀರ್ಷಿಕೆ ಪುಟದ ಹಿಂದೆ ಮೂಲ ಯಾವ ವರ್ಷದ್ದು ಎಂದು ಚಿಕ್ಕ ಅಕ್ಷರದಲ್ಲಿ ಅಚ್ಚಾಗಿರುತ್ತದೆ. ನಾನು ಮೊದಲು ತೆರೆಯುವ ಪುಟವೇ ಅದು.

ನಿಮ್ಮ ಪರದೆಯ ಮೂಲೆಯಲ್ಲೂ ಒಂದು ಮಾತು ಇರುತ್ತದೆ. ಕೆಂಪು ಚುಕ್ಕಿ ಮಿನುಗುತ್ತದೆ, ಪಕ್ಕದಲ್ಲಿ ‘ಇಂದು’ ಎಂದು ಬರೆದಿರುತ್ತದೆ. ಪ್ರಸಾರ ಇಂದು ಎಂಬುದು ಸತ್ಯ. ಇದಕ್ಕಿಂತ ಹೆಚ್ಚಿನ ಸತ್ಯವನ್ನು ನಿಮ್ಮಿಂದ ಕೇಳುವವರು ಯಾರು ಎಂದುಕೊಂಡಿರಬಹುದು. ಕೇಳುವವರು ನಮ್ಮ ಅತ್ತೆ ಕಾಳಮ್ಮ.

ಅತ್ತೆ ಮದುವೆಯಾಗಿ ಅರಕಲಗೂಡಿನ ಕಡೆಯಿಂದ ಹೆಬ್ಬಾಲೆಗೆ ಬಂದವರು. ಅಕ್ಷರ ಬಾರದು, ಅಂಕಿ ಬರುತ್ತದೆ. ಭಾನುವಾರ ಸಂಜೆ ಬೆಳ್ಳುಳ್ಳಿ ಸುಲಿಯುತ್ತ ನನ್ನ ಪಕ್ಕ ಕೂರುತ್ತಿದ್ದರು. ಮೊದಮೊದಲು ಟೀವಿಯ ಕಡೆ ನೋಡುತ್ತಲೇ ಇರಲಿಲ್ಲ. ಒಂದು ದಿನ ಹಸಿರು ಬಣ್ಣದ ಕಾರೊಂದು ಗೆದ್ದಿತು. ಓಡಿಸಿದವರು ಇಳಿದು ಹೆಲ್ಮೆಟ್ ತೆಗೆದಾಗ ಜಡೆ ಬೆನ್ನ ಮೇಲೆ ಬಿತ್ತು. “ಅಯ್ಯೋ ಶಿವನೇ, ಹೆಣ್ಮಗ ಕಣೇ ಉಷಾ! ನಮ್ಮ ಹೈಕ್ಳು ಸ್ಕೂಟ್ರು ಹತ್ತಕ್ಕೆ ಹೆದ್ರುತವೆ!” ಎಂದರು. ಆವತ್ತಿನಿಂದ ಆಕೆ ನಮ್ಮ ಮನೆಯವಳಾದಳು. ಅವಳ ಹೆಸರಿಗೆ ಅತ್ತೆಯ ನಾಲಿಗೆ ಹೊರಳಲಿಲ್ಲ. ‘ಹಸಿರು ಕಾರಿನವಳು’ ಎಂದೇ ಕರೆದರು. ಅವಳು ಸೋತ ದಿನ ಸಾರಿಗೆ ಉಪ್ಪು ಹೆಚ್ಚಾಗುತ್ತಿತ್ತು.

ಹೋದ ವರ್ಷ ಮಳೆ ಬಿಟ್ಟ ಮೇಲೆ ಒಂದು ಭಾನುವಾರ ನೀವು ಅವಳ ಅಪಘಾತ ತೋರಿಸಿದಿರಿ. ಅರ್ಧ ದಾರಿಯಲ್ಲಿ ಎಂಜಿನ್ ಸಿಡಿಯಿತು. ಬೆಂಕಿ ಹೊತ್ತಿದ ಕಾರು ಗೋಡೆಗೆ ಬಡಿದು ಉರುಳಿತು. ಜನ ಓಡುತ್ತಿರುವುದು ಕಂಡಿತು. ಅಷ್ಟರಲ್ಲಿ ನೀವು ಟೂತ್‌ಪೇಸ್ಟಿನ ಜಾಹೀರಾತಿಗೆ ಹೋದಿರಿ. ಜಾಹೀರಾತು ಮುಗಿದಾಗ ಕಬಡ್ಡಿ ಶುರುವಾಗಿತ್ತು.

“ಏನಾಯ್ತು ಅಂತ ಹೇಳ್ದಂಗೆ ಎದ್ದೋದ್ನಲ್ಲ, ಈ ಮನೆಹಾಳ!” ಎಂದರು ಅತ್ತೆ. ಅದು ನಿಮ್ಮನ್ನು ಕುರಿತ ಮಾತು. ಅನುವಾದದಲ್ಲಿ ಮೆತ್ತಗೆ ಮಾಡುವುದು ನನಗೆ ಹಿಡಿಸದ್ದರಿಂದ ಇದ್ದ ಹಾಗೆ ಕೊಟ್ಟಿದ್ದೇನೆ.

ಆ ಸಂಜೆಯೇ ಅವರು ಅರಿಶಿನದ ಬಟ್ಟೆಯಲ್ಲಿ ನಾಣ್ಯ ಕಟ್ಟಿ ದೇವರ ಗೂಡಿನ ಮೊಳೆಗೆ ನೇತುಹಾಕಿದರು. ಹುಡುಗಿ ಎದ್ದು ಓಡಾಡುವುದನ್ನು ಕಣ್ಣಾರೆ ಕಾಣುವವರೆಗೂ ಕಾಫಿ ಮುಟ್ಟುವುದಿಲ್ಲ, ಕಂಡರೆ ಮನೆದೇವರಿಗೆ ಪರ ಮಾಡುತ್ತೇನೆ ಎಂದು ಹರಕೆ ಹೊತ್ತರು. ಪರವೆಂದರೆ ಹರಕೆ ತೀರಿದ ಸಂತೋಷಕ್ಕೆ ನೆಂಟರಿಷ್ಟರನ್ನು ಕರೆದು ದೇವರ ಮುಂದೆ ಅಡುಗೆ ಮಾಡಿ ಉಣ್ಣಿಸುವುದು. ಫೋನಿನಲ್ಲಿ ಹುಡುಕಬಹುದಿತ್ತಲ್ಲ ಎಂದು ನೀವು ಕೇಳಬಹುದು. ಕಾದಂಬರಿಯ ಕೊನೆಯ ಪುಟವನ್ನು ಮೊದಲೇ ತಿರುವುವ ಅಭ್ಯಾಸ ನನಗಿಲ್ಲ. ಮುಂದಿನ ಭಾನುವಾರ ನೀವೇ ಹೇಳುತ್ತೀರಿ ಎಂದು ನಂಬಿದ್ದೆ.

ನೀವು ಹೇಳಿದಿರಿ. ಮುಂದಿನ ಭಾನುವಾರ ಹಸಿರು ಕಾರು ಬಂತು, ಓಡಿತು, ಗೆದ್ದಿತು. ಅವಳು ಇಳಿದು ಕೈಬೀಸಿ ನಕ್ಕಳು. “ನೋಡು, ಮಕದ್ಮೇಲೆ ಒಂದ್ ಗೀರೂ ಇಲ್ಲ. ನಮ್ಮಪ್ಪ ಕೈಬಿಡ್ಲಿಲ್ಲ” ಎಂದು ಅತ್ತೆ ಎದ್ದು ತಾವೇ ಕಾಫಿ ಕಾಯಿಸಿಕೊಂಡರು.

ಮನೆದೇವರ ಗುಡಿಯಲ್ಲಿ ಪರ ಜೋರಾಗಿಯೇ ಆಯಿತು. ಎರಡು ಜೀಪು ನೆಂಟರು ಬಂದರು. ಯಾರಿಗೆ ಏನಾಗಿತ್ತು ಎಂದು ಕೇಳಿದವರಿಗೆಲ್ಲ ಅತ್ತೆ ಎಂಜಿನ್ ಸಿಡಿದಲ್ಲಿಂದ ಕಥೆ ಹೇಳಿದರು. ನಂದೀಶರ ಚಿಕ್ಕಪ್ಪ ಸಣ್ಣಸ್ವಾಮಿ ಎಲೆಯ ಮುಂದೆ ಕೂತು, “ಅತ್ಗೆ, ನಮ್ ಟ್ರ್ಯಾಕ್ಟ್ರೂ ಹೋದ್ ತಿಂಗ್ಳು ಮೋರಿಗೆ ಬಿದ್ದೈತೆ. ಅದ್ಕೂ ಒಂದ್ ಕಾಸು ಕಟ್ಟಿ” ಎಂದರು. “ನಿನ್ ಟ್ರ್ಯಾಕ್ಟ್ರು ಗೆದ್ದಿದ್ದು ಯಾವಾಗ್ಲಾ? ಮುದ್ದೆ ನುಂಗು” ಎಂದು ಅತ್ತೆ ಇನ್ನೊಂದು ಸೌಟು ಸಾರು ಬಿಟ್ಟರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಮನೆಗೆ ಬಂದ ಮೇಲೆ ನನಗೆ ಒಂದು ವಿಷಯ ಚುಚ್ಚತೊಡಗಿತು. ಆ ಗೆಲುವಿನಲ್ಲಿ ಅವಳ ಎದುರಾಳಿಯಾಗಿದ್ದವನು, ಅಪಘಾತದ ದಿನ ನಿಮ್ಮದೇ ವಿವರಣೆಕಾರ ‘ಎರಡು ವರ್ಷದ ಹಿಂದೆ ನಿವೃತ್ತನಾದ’ ಎಂದು ನೆನಪಿಸಿಕೊಂಡ ಮನುಷ್ಯ. ಐದನೇ ಅಧ್ಯಾಯದಲ್ಲಿ ಊರು ಬಿಟ್ಟವನು ಏನೂ ಹೇಳದೆ ಆರನೆಯದರಲ್ಲಿ ಜಗಲಿಯ ಮೇಲೆ ಕೂತಿದ್ದರೆ ಓದುಗರಿಗೆ ಗೊತ್ತಾಗುವುದಿಲ್ಲವೇ? ಮಾರನೆಯ ದಿನ ಊಟದ ಬಿಡುವಿನಲ್ಲಿ ಫೋನು ತೆಗೆದೆ. ಆ ಅಪಘಾತ ನಡೆದು ಏಳು ವರ್ಷವಾಗಿತ್ತು. ಅವಳು ಆಸ್ಪತ್ರೆಯಿಂದ ಹೊರಗೆ ಬರಲಿಲ್ಲ. ನೀವು ಆಮೇಲೆ ತೋರಿಸಿದ ಗೆಲುವು ಅದಕ್ಕಿಂತಲೂ ಹಳೆಯದು.

ನಾನು ಕೆಲಸ ಮಾಡುವುದು ಕುಶಾಲನಗರದ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ. ಬೀಜವನ್ನು ಗಾತ್ರ, ಬಣ್ಣ ನೋಡಿ ಬೇರೆ ಮಾಡಿ ಚೀಲಕ್ಕೆ ತುಂಬಿದ ಮೇಲೆ ಯಾವ ವರ್ಷದ ಬೆಳೆ ಎಂದು ಚೀಲದ ಮೇಲೆ ಬರೆಯುತ್ತೇವೆ. ಹಳೆಯ ಬೆಳೆ ಮಾರುವುದು ತಪ್ಪಲ್ಲ, ಅದಕ್ಕೂ ಗಿರಾಕಿಗಳಿದ್ದಾರೆ. ಹಳೆಯದೆಂದು ಹೇಳದೆ ಮಾರಿದರೆ ಮಾತ್ರ ಆ ಗಿರಾಕಿ ಮತ್ತೆ ಬಾಗಿಲಿಗೆ ಬರುವುದಿಲ್ಲ. ನಿಮಗೆ ಆ ಭಯವಿಲ್ಲ. ಸತ್ತವರನ್ನು ಗೋಡೆಗೆ ಬಡಿಸಿ, ಮುಂದಿನ ವಾರ ನಗಿಸಿ ಕೈಬೀಸಿಸುವ ಅಧಿಕಾರ ನಿಮಗೆ ಯಾರು ಕೊಟ್ಟರು ಎಂದು ಕೇಳುವ ಗಿರಾಕಿಗಳು ನಿಮಗಿಲ್ಲ.

ಅತ್ತೆಗೆ ಹೇಳದೆ ಚಳಿಗಾಲ ಕಳೆದೆ. ನೀವು ಅವಳನ್ನು ಆಗಾಗ ಗೆಲ್ಲಿಸುತ್ತಿದ್ದಿರಿ, ಅತ್ತೆ ಹಿಗ್ಗುತ್ತಿದ್ದರು. ಹೀಗೇ ನಡೆದುಹೋಗಲಿ ಎಂದು ಒಂದೊಂದು ಸಲ ಅನ್ನಿಸಿದ್ದೂ ಉಂಟು. ಆದರೆ ನಿಮ್ಮ ಬಳಿ ಇರುವ ರೇಸುಗಳ ರಾಶಿ ದೊಡ್ಡದಲ್ಲ. ಹೋದ ತಿಂಗಳು ಅದೇ ಅಪಘಾತವನ್ನು ಮತ್ತೆ ಹಾಕಿದಿರಿ. ಮೂಲೆಯಲ್ಲಿ ಅದೇ ‘ಇಂದು’.

ಅತ್ತೆಯ ಕೈ ಬೆಳ್ಳುಳ್ಳಿಯ ಮೇಲೆ ನಿಂತಿತು.

“ಉಷಾ, ಇದು ಅವತ್ತಿಂದೇ ಅಲ್ವೇನೆ?”

“ಹೌದು ಅತ್ತೆ.”

“ಅಂಗಾರೆ ಆಮೇಲೆ ಗೆದ್ದಿದ್ದು?”

“ಅದು ಇದಕ್ಕಿಂತ ಮುಂಚಿಂದು.”

“ಇದಾದ್ಮೇಲೆ ಗೆದ್ದಿದ್ದು ಯಾವ್ದೂ ಇಲ್ವಾ?”

“ಇಲ್ಲ ಅತ್ತೆ. ಆಗ್ಲೇ ಏಳು ವರ್ಷ ಆಗಿದೆ.”

ಅವರು ಬೆಳ್ಳುಳ್ಳಿಯ ಮೊರವನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ, “ಅಂಗಾರೆ ನಾವು ಜನಕ್ಕೆ ಇಕ್ಕಿದ್ದು ಪರದೂಟ ಅಲ್ಲ, ತಿಥಿ ಊಟ. ನೆಂಟ್ರನ್ನೆಲ್ಲ ಕರ್ದು ನಗ್‌ನಗ್ತಾ ತಿಥಿ ಮಾಡ್ದೆ ನಾನು” ಎಂದರು.

ನಂದೀಶ್ ಒಳಗಿನಿಂದ ಬಂದು, “ಯಾವ್ದೋ ದೇಶದ್ ಹುಡ್ಗಿ, ಬಿಡವ್ವ” ಎಂದರು. “ದೇವ್ರಿಗೆ ದೇಶ ಐತೇನ್ಲಾ? ಬದ್ಕವ್ಳೆ ಅಂತ ಅವ್ನ ಮುಂದೆ ನಿಂತು ಹೇಳ್ಬುಟ್ನಲ್ಲ” ಎಂದರು ಅತ್ತೆ.  ಅದಕ್ಕೆ ನಿಮ್ಮ ಬಳಿ ಉತ್ತರವಿದೆಯೇ?

ಇನ್ನು ಮೇಲೆ ಟೀವಿ ಬೇಡ ಎನ್ನುತ್ತಾರೆ ಎಂದುಕೊಂಡಿದ್ದೆ. ಹಾಗೆನ್ನಲಿಲ್ಲ. ಭಾನುವಾರ ಈಗಲೂ ಬಂದು ಕೂರುತ್ತಾರೆ. ಆದರೆ ಯಾರ ಪಕ್ಷವನ್ನೂ ಹಿಡಿಯುವುದಿಲ್ಲ. ಒಬ್ಬೊಬ್ಬರು ಗೆರೆಗೆ ಬಂದಾಗಲೂ “ಇವ್ನು ಬದ್ಕವ್ನಾ?” ಎಂದು ಕೇಳುತ್ತಾರೆ. ನನಗೆ ಗೊತ್ತಿರುವುದಿಲ್ಲ, ಹುಡುಕಿ ನೋಡುವ ಧೈರ್ಯವೂ ಇಲ್ಲ. ಗೆದ್ದವರು ಹೆಲ್ಮೆಟ್ ತೆಗೆಯುವ ಹೊತ್ತಿಗೆ, “ಆರ್ಸವ್ವ ಅತ್ಲಾಗೆ, ಮಕ ನೋಡಿದ್ರೆ ಅಕ್ಕರೆ ಬಂದ್ಬುಡ್ತದೆ” ಎನ್ನುತ್ತಾರೆ. ನಾನು ಆರಿಸುತ್ತೇನೆ.

ಹಳೆಯ ರೇಸುಗಳನ್ನು ತೋರಿಸಬೇಡಿ ಎಂದು ನಾನು ಕೇಳುತ್ತಿಲ್ಲ. ಹೊಸದನ್ನು ಕೊಂಡು ತನ್ನಿ ಎಂದೂ ಕೇಳುತ್ತಿಲ್ಲ. ಅದು ನಿಮ್ಮ ಕೈಯಲ್ಲಿ ಆಗುವ ಕೆಲಸವಲ್ಲ. ಕತ್ತರಿಸಿದ ಕಾಯುವಿಕೆಯನ್ನು ವಾಪಸ್ ಕೊಡಿ ಎಂದು ಕೇಳುವ ಆಸೆಯನ್ನೂ ಬಿಟ್ಟಿದ್ದೇನೆ. ನಾಲ್ಕು ಅಂಕಿ ಹಾಕಿ. ಪರದೆಯ ಒಂದು ಮೂಲೆಯಲ್ಲಿ, ಅತ್ತೆಯ ಕಣ್ಣಿಗೆ ಕಾಣುವಷ್ಟು ದಪ್ಪಗೆ, ರೇಸು ನಡೆದ ಇಸವಿ. ನೀವು ಹಾಕುವುದಿಲ್ಲ. ಇಸವಿ ಕಂಡರೆ ಜನ ಬೇರೆ ವಾಹಿನಿಗೆ ಹೋಗುತ್ತಾರೆ ಎಂದು ನಿಮ್ಮಲ್ಲಿ ಯಾರೋ ಎಂದೋ ತೀರ್ಮಾನ ಮಾಡಿಯಾಗಿದೆ. ಆ ತೀರ್ಮಾನದ ಮುಂದೆ ಹೆಬ್ಬಾಲೆಯ ಒಬ್ಬ ಮುದುಕಿಯ ಹರಕೆ ಯಾವ ಲೆಕ್ಕ? ಆದರೂ ಕೇಳುತ್ತೇನೆ. ಇಲ್ಲದವರಿಗೆ ಚಪ್ಪಾಳೆ ತಟ್ಟಲು ನಮಗೇನೂ ಅಭ್ಯಂತರವಿಲ್ಲ, ಮಾನ್ಯರೇ. ಅವರು ಇಲ್ಲವೆಂದು ತಿಳಿದು ತಟ್ಟುತ್ತೇವೆ.

ಇಂತಿ,
ಚಂದಾ ನಿಲ್ಲಿಸಬೇಕೆಂದು ಪ್ರತಿ ತಿಂಗಳೂ ಅಂದುಕೊಂಡು ಪ್ರತಿ ತಿಂಗಳೂ ಕಟ್ಟುವ,
ಉಷಾರಾಣಿ
ಹೆಬ್ಬಾಲೆ, ಕುಶಾಲನಗರ ತಾಲ್ಲೂಕು