ಹೊಳೆಪ್ಪನ ಕಂಬಳಿಯ ತೀರ್ಪು

ಗೋಕಾಕ, ಬುಧವಾರ, ೧೭ ನವೆಂಬರ್ ೧೯೩೭. ವಕೀಲರು ಬೆಳಗಾವಿಯಿಂದ ಅಪೀಲಿನ ತೀರ್ಪು ತಂದರು. ಅದನ್ನು ಕುರಿಗಾರ ಹೊಳೆಪ್ಪನಿಗೆ ಕನ್ನಡದಲ್ಲಿ ಓದಿ ಹೇಳುವುದು ಅವರ ಕಾರಕೂನನಾದ ನನ್ನ ಕೆಲಸ.

ಕಲ್ಲೋಳಿಯ ಸಂತೆಯಲ್ಲಿ ಜಮೀನುದಾರ ಅಪ್ಪಣ್ಣ ಅವನನ್ನು ಕಳ್ಳನೆಂದು ಕರೆದು, ಹೆಗಲ ಮೇಲಿನ ಕಂಬಳಿ ಕಿತ್ತು ಹರಿದಿದ್ದ. ಇಲ್ಲಿಯ ಕೋರ್ಟು ಕಂಬಳಿಗೆ ನಾಲ್ಕು ರೂಪಾಯಿ, ಬೇಕೆಂದೇ ಮಾಡಿದ ಅವಮಾನಕ್ಕೆ ದಂಡವೆಂದು ಮುನ್ನೂರು ಕೊಡಿಸಿತ್ತು. ಮೇಲಿನ ಕೋರ್ಟು ನಾಲ್ಕನ್ನು ಮುಟ್ಟಿಲ್ಲ. ದಂಡವನ್ನು ಮಾತ್ರ ಅರವತ್ತಕ್ಕೆ ಇಳಿಸಿದೆ. ಬುದ್ಧಿ ಬರುವಷ್ಟು ಸಾಕು, ಮನೆ ಮುಳುಗುವಷ್ಟು ಬೇಡ ಎಂಬುದು ಕಾರಣ.

ಹೊಳೆಪ್ಪನ ಮುಖ ಬಾಡೀತೆಂದು ಆ ಸಾಲನ್ನು ಮೆಲ್ಲಗೆ ಓದಿದೆ. ಅವನು ನಕ್ಕುಬಿಟ್ಟ.

“ಜಡ್ಜ್ ಸಾಹೇಬ್ರು ಕುರಿ ಕಾದಾರೇನ್ರಿ? ಬೆಳಿಗೆ ಬಾಯಿ ಹಾಕಿದ ಕುರೀನ ತಿರುಗೂವಷ್ಟ ಹೊಡೀಬೇಕು. ಕಾಲು ಮುರದ್ರ ಹೊತಗೊಂಡು ಹೋಗಾವ್ರ್ಯಾರು?”

ಆಮೇಲೆ ದನಿ ತಗ್ಗಿಸಿ ಕೇಳಿದ, “ನಾ ಕಳ್ಳ ಅಲ್ಲ ಅನ್ನೂದನ್ನೂ ಇಳಿಸ್ಯಾರೇನ್ರಿ?”

“ಇಲ್ಲಪಾ, ಅದು ಇದ್ದಂಗ ಐತಿ.”

“ಹಂಗಾದ್ರ ಅದನ್ನ ಸಂತ್ಯಾಗ ಓದ್ರಿ. ಕಳ್ಳ ಅಂದದ್ದನ್ನ ಅಲ್ಲೇ ಎಲ್ಲಾರೂ ಕೇಳ್ಯಾರ. ನನಗ ಓದಾಕ ಬರೂದಿಲ್ಲ.”

ನಾನು ನಾಲ್ಕು ಜನರೆದುರು ದನಿ ಎತ್ತಿದವನಲ್ಲ. ಬಂಗಾಲಿಯಿಂದ ಕನ್ನಡಕ್ಕೆ ಬಂದ ಕಾದಂಬರಿಯನ್ನೂ ತುಟಿ ಅಲುಗದಂತೆ ಓದುತ್ತೇನೆ. ಇವತ್ತು ಅದು ನಲವತ್ತೇಳನೆಯ ಪುಟದಲ್ಲೇ ಉಳಿಯಿತು. ಮನೆಗೆ ಬಂದು ತೀರ್ಪನ್ನು ಮೂರು ಸಲ ಗಟ್ಟಿಯಾಗಿ ಓದಿದೆ. ಮೂರನೆಯ ಸಲಕ್ಕೆ ಹೆಂಡತಿ ಶಿವವ್ವ ಅಡಿಗೆಮನೆಯಿಂದ, “ಯಾರ ಬಂದಾರ್ರಿ? ಚಹಾ ಇಡ್ಲೇನು?” ಎಂದಳು.

ಬರುವ ಸಂತೆಗೆ ಕಲ್ಲೋಳಿಗೆ ಹೋಗುವುದು. ಅಪ್ಪಣ್ಣ ಎದುರಿಗೆ ನಿಂತಿದ್ದರೂ ಓದುವುದು.