ಧೂಳಿಗೆ ಕೇಳಿದ ನೀರು

ಟ್ಯಾಂಕರಿನ ಸೀಟಿನಿಂದ,
ಗುರುವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಕೆಮ್ಮು ಹೇಗಿದೆ? ಅದನ್ನೇ ಮೊದಲು ವಿಚಾರಿಸಬೇಕಿತ್ತೇನೋ, ನಮ್ಮೆಲ್ಲರಿಗಿಂತ ಹೆಚ್ಚು ಹೊತ್ತು ನಿನ್ನ ಜೊತೆ ಇರೋದು ಅದೇ ತಾನೆ. ಮಗಳ ಮನೆಯಲ್ಲಿ ಪಾತ್ರೆ ಮುಟ್ಟಬೇಡ, ಅತ್ತೆ ಥರ ಗತ್ತಿನಲ್ಲಿ ಕೂತ್ಕೊ, ಅಳಿಯ ಸ್ವಲ್ಪ ಹೆದರಲಿ. ನಾನು ಚೆನ್ನಾಗಿದ್ದೀನಿ. ನಾನೇ ಬೇಯಿಸಿ, ನಾನೇ ತಿಂದು, ನಾನೇ ಬೈಕೋತೀನಿ. ಮೊನ್ನೆ ಫೋನಲ್ಲಿ ನೀನು “ಧೂಳು ಕಮ್ಮಿ ಆಗಿದೆಯಂತಲ್ಲೋ ಕೋತಿ, ಭಾನುವಾರ ಬಂದು ನನ್ನ ಮನೆಗೆ ಕರ್ಕೊಂಡು ಹೋಗು” ಅಂದೆ. ಮಧ್ಯೆ ನೀನು ಕೆಮ್ಮಿದರೆ ನಾನು ಹೇಳಬೇಕಾದ್ದು ಬಿಟ್ಟು ಮಾತ್ರೆ ವಿಚಾರಿಸಿ ಫೋನ್ ಇಟ್ಟುಬಿಡ್ತೀನಿ, ಅದಕ್ಕೇ ಬರೀತಿದ್ದೀನಿ. ಅಕ್ಷರ ನೋಡಿ ನಗಬೇಡ. ನಾನು ಶಾಲೆಯ ಒಳಗಿದ್ದದ್ದಕ್ಕಿಂತ ಅದರ ಗೋಡೆ ಮೇಲೆ ಇದ್ದದ್ದೇ ಹೆಚ್ಚು.

ನೀನು ಅವತ್ತು ಸ್ಟೂಲ್ ತಗೊಂಡು ಹೋಗಿ ಕಲ್ಲು ಕ್ವಾರಿ ರಸ್ತೆಗೆ ಅಡ್ಡ ಕೂತೆಯಲ್ಲ, ಟಿಪ್ಪರ್ ಡ್ರೈವರುಗಳು ಇವತ್ತಿಗೂ ಅದೇ ಮಾತಾಡ್ತಾರೆ. “ಬೆಳಿಗ್ಗೆ ಸಾಯಂಕಾಲ ರಸ್ತೆಗೆ ನೀರು ಹೊಡೀರಿ, ಇಲ್ಲಾಂದ್ರೆ ನನ್ನ ಮೇಲೇ ಹತ್ತಿಸ್ಕೊಂಡು ಹೋಗಿ” ಅಂದೆ. ಕ್ವಾರಿ ಸೂಪರ್‌ವೈಸರ್ ಬೆವರು ಒರೆಸ್ಕೊಂಡು ಒಪ್ಪಿದ. ಟ್ಯಾಂಕರ್ ಓಡಿಸೋ ಕೆಲಸ ನನಗೇ ಸಿಕ್ತು. ಆವತ್ತಿಂದ ನನಗೆ ಮಳೆರಾಯ ಅಂತಲೇ ಹೆಸರು. ನಾನು ಹೋದ ಕಡೆಯೆಲ್ಲ ಎಲೆಗಳು ಹಸಿರಾದವು, ಹಗ್ಗದ ಮೇಲೆ ಬಟ್ಟೆ ಬೆಳ್ಳಗೇ ಉಳೀತು, ಪಕ್ಕದ ಮನೆ ಮಗು ಉಬ್ಬಸ ಇಲ್ಲದೆ ನಿದ್ದೆ ಮಾಡ್ತು. ಎಲ್ಲ ನಿನ್ನಿಂದ. ಆದರೆ ಕಪ್ಪೆಗಳೂ ನನ್ನನ್ನ ನಂಬಿಬಿಟ್ಟವು ಅಕ್ಕಾ. ಚರಂಡಿಯ ಒಣಗಿದ ಎಲೆ ಕೆಳಗೆ ಮಲಗಿದ್ದ ಅವು ನೀರಿನ ಸದ್ದು ಕೇಳಿ ಮಳೆ ಬಂತು ಅಂದ್ಕೊಂಡು ರಸ್ತೆಗೆ ಜಿಗಿದವು. ನನ್ನ ಹಿಂದೆಯೇ ಟಿಪ್ಪರ್‌ಗಳ ಸಾಲು. ಈಗ ನಾನು ಕನ್ನಡಿಯಲ್ಲಿ ಹಿಂದೆ ನೋಡೋದಿಲ್ಲ. ಗುಡ್ಡದ ಒರತೆ ಹತ್ತಿರ ಕೂರ್ತಿದ್ದ ಮಿಂಚುಳ್ಳಿಯೂ ಹೋಯ್ತು. ಟ್ಯಾಂಕರಿಗೆ ನೀರೆಳೆಯೋ ಪೈಪಿನ ಜಾಲರಿ ತೆಗೆದರೆ ಸತ್ತ ಏಡಿಮರಿಗಳು, ಉಗುರಿನಷ್ಟು ಉಗುರಿನಷ್ಟು. ಬಿಡು, ನಿನಗೆ ಇದೆಲ್ಲ ಯಾಕೆ.

ಮಗಳನ್ನೂ ಅಳಿಯನನ್ನೂ ಕೇಳಿದೆ ಅಂತ ಹೇಳು. ಮಾತ್ರೆ ನುಂಗು, ಹೂಕುಂಡಕ್ಕೆ ಹಾಕಬೇಡ, ನಿನ್ನ ಬುದ್ಧಿ ನನಗೆ ಗೊತ್ತು. ನಿನ್ನ ಕಾಲಿಗೆ ಇಲ್ಲಿಂದಲೇ ನಮಸ್ಕಾರ, ಒದೆಯೋದಿದ್ದರೆ ಅದೂ ಅಲ್ಲಿಂದಲೇ ಆಗಲಿ.

ನಿನ್ನ ತಮ್ಮ,
ಕೋತಿ

ಇನ್ನೊಂದು ಮಾತು: ಭಾನುವಾರ ನಾನು ಬರಲ್ಲ, ನೀನೂ ಹೊರಡಬೇಡ. ರಸ್ತೆಗೆ ಹೊಡೆದದ್ದೆಲ್ಲ ಆ ಒರತೆಯ ನೀರೇ. ಹತ್ತಿರದಲ್ಲಿ ಬೇರೆ ನೀರು ಎಲ್ಲಿತ್ತು? ನಿನ್ನೆ ಪೈಪು ಕೆಸರು ಎಳೀತು, ಆಮೇಲೆ ಬರೀ ಗಾಳಿ. ನಮ್ಮ ಬಾವಿಗೂ ಅಲ್ಲಿಂದಲೇ ಬರಬೇಕಲ್ಲ, ಅದೂ ತಳ ಕಂಡಿದೆ. ಸೂಪರ್‌ವೈಸರ್‌ನ ಕೇಳಿದರೆ “ನೀರು ಹೊಡೀರಿ ಅಂದಿದ್ದು ನಿಮ್ಮಕ್ಕ ತಾನೆ” ಅಂದ. ಕಲ್ಲು ಪುಡಿ ಮಾಡೋ ಕ್ರಷರ್ ಮಾತ್ರ ನಿಂತಿಲ್ಲ. ಬೀದಿಯವರೆಲ್ಲ “ಅಕ್ಕನ್ನ ಕರೆಸು, ಮತ್ತೆ ಅಡ್ಡ ಕೂರಲಿ” ಅಂತಿದ್ದಾರೆ. ಬರಬೇಡ ಅಕ್ಕಾ. ಈಗ ಎದ್ದಿರೋ ಧೂಳಲ್ಲಿ ರಸ್ತೆ ಮೇಲೆ ಯಾರಾದರೂ ಕೂತಿದ್ದರೂ ಡ್ರೈವರುಗಳಿಗೆ ಕಾಣಲ್ಲ.